ಗ್ರಾಮಫೋನಿನ ಮುಳ್ಳೂ ಮನೆಯ ಅದುರೂ

ಕನ್ನಡದಲ್ಲಿ ‘ಅದಿರು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕ್ರಿಯಾಪದವಾಗಿ ಹಿಡಿದರೆ ನಡುಗು, ಕಂಪಿಸು ಎಂದಾಗುತ್ತದೆ. ಆಡುಮಾತಿನಲ್ಲಿ ಅದನ್ನೇ ‘ಅದುರು’ ಎನ್ನುತ್ತೇವೆ. ನಾಮಪದವಾಗಿ ಹಿಡಿದರೆ ನೆಲದೊಡಲಿನಿಂದ ಅಗೆದು ತೆಗೆದ, ಇನ್ನೂ ಶೋಧಿಸದ ಲೋಹದ ಕಲ್ಲು ಎಂದಾಗುತ್ತದೆ. ನಿಘಂಟಿನಲ್ಲಿ ಇವು ಬೇರೆ ಬೇರೆಯಾಗಿಯೇ ಕುಳಿತಿವೆ. ಆದರೆ ಕೋಲಾರದಲ್ಲಿ ಹುಟ್ಟಿ ಬೆಳೆದು, ಚಿನ್ನದ ಗಣಿಯ ಊರಿನಲ್ಲಿ ಏಳು ವರ್ಷ ಪಾಠ ಹೇಳಿದ ನನಗೆ ಒಂದನ್ನು ನೆನೆದರೆ ಇನ್ನೊಂದು ತಾನಾಗಿಯೇ ಬಂದು ನಿಲ್ಲುತ್ತದೆ. ಅದಿರನ್ನು ತೆಗೆದ ನೆಲ ಅದಿರುತ್ತಿತ್ತು. ಆ ಅದುರು ನನ್ನ ಮನೆಯ ಗ್ರಾಮಫೋನಿನ ಮುಳ್ಳಿಗೂ ತಲುಪುತ್ತಿತ್ತು. ಮನೆಯಲ್ಲಿ ರೆಕಾರ್ಡು ಹಾಕಿ ಹಾಡು ಕೇಳುವವರು ಈ ಬೇಡದ ಅದುರನ್ನು ಹೇಗೆ ದೂರವಿಡಬಹುದು ಎಂಬುದೇ ಇಂದಿನ ನನ್ನ ಮಾತಿನ ವಸ್ತು.

ಮೂವತ್ತೇಳು ವರ್ಷ ಕನ್ನಡ ಪಾಠ ಹೇಳಿದವನು ಯಂತ್ರದ ಮಾತೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಕೇಳುಗರು ಮನ್ನಿಸಬೇಕು. ನಾನು ಈ ವಿಷಯವನ್ನು ಪುಸ್ತಕದಿಂದ ಮೊದಲು ಕಲಿತವನಲ್ಲ. ಒಂದು ರೆಕಾರ್ಡನ್ನು ಕೆಡಿಸಿ ಕಲಿತವನು.

1963ರಲ್ಲಿ ಎಚ್.ಎಂ.ವಿ. ಕಂಪನಿ ಹೊರತಂದ, ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ವೆಂಕಟೇಶ ಸುಪ್ರಭಾತದ ಎಲ್.ಪಿ. ರೆಕಾರ್ಡನ್ನು ತಿರುಪತಿಗೆ ಇಷ್ಟು ಹತ್ತಿರವಿರುವ ನಮ್ಮ ಸೀಮೆಯಲ್ಲಿ ಕೇಳದ ಮನೆಯಿರಲಿಲ್ಲ. ದೊಡ್ಡಪೇಟೆಯ ನಮ್ಮ ಹಳೆಯ ಮನೆಗೂ ಅದು ಬಂತು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನನ್ನ ತಂದೆ, ಸೂಟ್‌ಕೇಸಿನಂತೆ ಮುಚ್ಚಿ ಹಿಡಿಕೆ ಹಿಡಿದು ಒಯ್ಯಬಹುದಾದ ಒಂದು ಪ್ಲೇಯರನ್ನು ಕಂತಿನ ಮೇಲೆ ತಂದಿದ್ದರು. ಅದರ ಜತೆಗೆ ಕಾಳಿಂಗರಾಯರ ಭಾವಗೀತೆಗಳ ಎರಡೋ ಮೂರೋ ಪ್ಲೇಟುಗಳು, ಘಂಟಸಾಲರ ತೆಲುಗು ಪದ್ಯಗಳು, ಮತ್ತು ಈ ಸುಪ್ರಭಾತ. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೊತ್ತಿಗೆ ಮಹಡಿಯ ಕೋಣೆಯಲ್ಲಿ ಸುಪ್ರಭಾತ ಹಾಕುವುದು ನನ್ನ ಪಾಲಿನ ಕೆಲಸ.

ಆ ಮಹಡಿ ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿಯದು. ಯಾರಾದರೂ ದಡದಡನೆ ಓಡಾಡಿದರೆ ನೆಲ ಸಣ್ಣಗೆ ಕುಣಿಯುತ್ತಿತ್ತು. ನೆಲ ಕುಣಿದರೆ ಮುಳ್ಳು ಜಿಗಿಯುತ್ತಿತ್ತು. 1971ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ಇದಕ್ಕೊಂದು ಪರಿಹಾರ ಹುಡುಕಿದೆ. ಪಕ್ಕದ ಬೀದಿಯ ಹೋಟೆಲಿನವರು ಮಾಡುತ್ತಿದ್ದಂತೆ, ತೋಳಿನ ತಲೆಯ ಮೇಲೆ ನಾಲ್ಕಾಣೆಯ ನಾಣ್ಯವೊಂದನ್ನು ಅಂಟಿಸಿದೆ. ಮುಳ್ಳು ಜಿಗಿಯುವುದು ನಿಂತಿತು. ನಾನು ಬೀಗಿದೆ. ಒಂದು ವಾರದ ಮೇಲೆ ನನ್ನ ತಮ್ಮ ಮೆಟ್ಟಿಲಿನ ಕೊನೆಯಿಂದ ಕೋಣೆಯೊಳಕ್ಕೆ ಹಾರಿ ಬಿದ್ದ. ಈ ಸಲ ಮುಳ್ಳು ಹಗುರವಾಗಿ ಜಿಗಿಯಲಿಲ್ಲ. ಭಾರ ಹೊತ್ತ ಮುಳ್ಳು ಗೆರೆಗಳನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಹೋಯಿತು. ರಂಗೋಲಿಯ ಬಟ್ಟಲು ಹಿಡಿದು ಮೇಲೆ ಬಂದ ಅಮ್ಮ ನನ್ನ ಮುಖ ನೋಡಿ ಬಯ್ಯಲಿಲ್ಲ. “ಹೋಗ್ಲಿ ಬಿಡಪ್ಪ, ದೇವರು ಆಗಲೇ ಎದ್ದಿರ್ತಾನೆ” ಎಂದಳು. ಮರುದಿನದಿಂದ ಆ ಪ್ಲೇಟು ಅದೇ ಜಾಗಕ್ಕೆ ಬಂದಾಗ ‘ಟಕ್, ಟಕ್’ ಎನ್ನುತ್ತಿತ್ತು. 1998ರಲ್ಲಿ ಅಮ್ಮ ಹೋದಳು. ಪ್ಲೇಟು ನನ್ನಲ್ಲಿದೆ.

ಈಗ ಮುಳ್ಳಿನ ವಿಚಾರಕ್ಕೆ ಬರೋಣ. ಎಲ್.ಪಿ. ರೆಕಾರ್ಡಿನ ಒಂದು ಮಗ್ಗುಲಲ್ಲಿ ಇರುವುದು ಹಲವು ಗೆರೆಗಳಲ್ಲ, ಸುರುಳಿ ಸುತ್ತಿದ ಒಂದೇ ಗೆರೆ. ಇಪ್ಪತ್ತು ನಿಮಿಷ ಹಾಡುವ ಮಗ್ಗುಲಿನಲ್ಲಿ ಆ ಗೆರೆಯನ್ನು ಬಿಡಿಸಿ ನೇರವಾಗಿ ಎಳೆದರೆ 400 ಮೀಟರಿಗೂ ಮಿಕ್ಕು ಉದ್ದವಾಗುತ್ತದೆ. ಅಗಲವೋ, ತಲೆಗೂದಲಿಗಿಂತ ಹೆಚ್ಚಲ್ಲ. ಈ ಪುಟ್ಟ ನೇಗಿಲ ಸಾಲಿನ ಎರಡು ದಂಡೆಗಳ ಮೇಲೆ ಹಾಡು ಏರಿಳಿತಗಳಾಗಿ ಕೊರೆಯಲ್ಪಟ್ಟಿದೆ. ವೀಣೆಯ ಮೆಲುದನಿಯ ಒಂದು ಮೀಟು ಅಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕ ಅಲುಗಾಟವಾಗಿರಬಹುದು. ಅಷ್ಟನ್ನೂ ಮುಳ್ಳು ಮುಟ್ಟಿ ತಿಳಿದು ಹೇಳಬೇಕು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠ ಮುದ್ರಣವಾದ ಕಾಲದ ಯಂತ್ರಗಳಿಗೆ ಈ ನಾಜೂಕು ಇರಲಿಲ್ಲ. (ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಆ ಮಹಾಗಾಯಕಿಯನ್ನು ಈ ಮಾತಿನ ನಡುವೆ ನೆನೆಯದೆ ಮುಂದೆ ಹೋಗಲಾರೆ.) ಆಗಿನ ಸೌಂಡ್‌ಬಾಕ್ಸು ನೂರು ಗ್ರಾಮಿಗೂ ಹೆಚ್ಚಿನ ಭಾರದಿಂದ ಪ್ಲೇಟಿನ ಮೇಲೆ ಕುಳಿತುಕೊಳ್ಳುತ್ತಿತ್ತು, ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕಿತ್ತು. ಅಂಥ ಯಂತ್ರ ನೆಲದ ಸಣ್ಣ ಅದುರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆಯೇ ಇರಲಿಲ್ಲ. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಮಿಷಕ್ಕೆ ಮೂವತ್ತಮೂರೂಮೂರನೆಯ ಒಂದು ಸುತ್ತು ತಿರುಗುವ ಎಲ್.ಪಿ.ಯನ್ನು ತಂದಮೇಲೆ ಗೆರೆ ಕಿರಿದಾಯಿತು, ಮುಳ್ಳು ಹಗುರವಾಯಿತು, ಕಿವಿ ಸೂಕ್ಷ್ಮವಾಯಿತು. ಇಂದಿನ ಒಳ್ಳೆಯ ಕಾರ್ಟ್ರಿಜುಗಳು ಒಂದೂವರೆ ಎರಡು ಗ್ರಾಂ ಭಾರದಲ್ಲಿ ನಡೆಯುತ್ತವೆ. ನಾನು ಅಂಟಿಸಿದ ನಾಲ್ಕಾಣೆಯ ತೂಕವೇ ಎರಡೂವರೆ ಗ್ರಾಂ!

ಮುಳ್ಳಿಗೆ ವಿವೇಕವಿಲ್ಲ ಎಂಬುದೇ ಇಲ್ಲಿನ ತೊಡಕು. ಗೆರೆಯ ದಂಡೆ ಅದನ್ನು ಅಲುಗಿಸಿತೋ, ಪ್ಲೇಟು ಇಡಿಯಾಗಿ ಅಲುಗಿತೋ, ಹಿಡಿದ ತೋಳೇ ನಡುಗಿತೋ ಅದಕ್ಕೆ ತಿಳಿಯದು. ಮುಳ್ಳಿಗೂ ಕಾರ್ಟ್ರಿಜಿನ ಮೈಗೂ ನಡುವೆ ನಡೆದ ಚಲನೆಯೆಲ್ಲ ಅದರ ಪಾಲಿಗೆ ಹಾಡೇ. ಇನ್ನೊಂದು ವಿಷಯವನ್ನೂ ಹೇಳಬೇಕು. ಮಂದ್ರಸ್ವರಗಳಿಗೆ ಗೆರೆ ಬಹಳ ಅಗಲವಾಗಿ ತೊನೆಯುವುದರಿಂದ, ರೆಕಾರ್ಡು ಕೊರೆಯುವಾಗ ಅವುಗಳನ್ನು ಬೇಕೆಂದೇ ತಗ್ಗಿಸಿ, ನುಡಿಸುವಾಗ ಆಂಪ್ಲಿಫೈಯರಿನಲ್ಲಿ ಅಷ್ಟೇ ಹೆಚ್ಚಿಸುತ್ತಾರೆ. ಸೆಕೆಂಡಿಗೆ ಇಪ್ಪತ್ತು ಮೂವತ್ತು ಕಂಪನಗಳ ಆಸುಪಾಸಿನಲ್ಲಿ ಈ ಹೆಚ್ಚಳ, ನಡುಸ್ವರಗಳಿಗೆ ಹೋಲಿಸಿದರೆ, ಸುಮಾರು ಒಂಬತ್ತು ಪಟ್ಟು. ಮನೆಯ ನೆಲದ ಅದುರೂ ಮೋಟರಿನ ಗುರುಗುಟ್ಟುವಿಕೆಯೂ ಬರುವುದು ಇದೇ ಆಸುಪಾಸಿನಲ್ಲಿ. ಹಾಡಿಗೆಂದು ತೆರೆದ ಹೆಬ್ಬಾಗಿಲಿನಲ್ಲಿ ಕರೆಯದ ನೆಂಟನೂ ನುಗ್ಗಿಬಿಡುತ್ತಾನೆ.

ಗಣಿಯ ಊರಿನಲ್ಲಿ ನಾನು ಕೆಲಸಕ್ಕಿದ್ದುದು 1984ರಿಂದ 1991ರವರೆಗೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆಯ ಮನೆ. 1880ರಿಂದ ಜಾನ್ ಟೇಲರ್ ಕಂಪನಿಯವರೂ, 1956ರಲ್ಲಿ ರಾಷ್ಟ್ರೀಕರಣವಾದ ಮೇಲೆ ಸರ್ಕಾರದವರೂ ತೋಡುತ್ತಲೇ ಹೋದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ಹೇಳತೀರದು. ಅದಿರು ತೆಗೆದು ಪೊಳ್ಳು ಮಾಡಿದ ಜಾಗದ ಸುತ್ತ ಆ ಒತ್ತಡವೆಲ್ಲ ಸೇರಿ, ಒಂದು ಗಳಿಗೆಯಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಗಣಿಯವರು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಒಳಗಿದ್ದವರ ಪಾಲಿಗೆ ಅದು ಸಾವು. ಮೇಲಿನ ಮನೆಗಳಲ್ಲಿ ಗೋಡೆ ಬಿರುಕು, ಷೆಲ್ಫಿನ ಪಾತ್ರೆಗಳ ಗಲಗಲ. ಒಂದು ರಾತ್ರಿ ನಾನು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಕೇಳುತ್ತ ಕುಳಿತಿದ್ದಾಗ ಸ್ಪೀಕರಿನಿಂದ ಗುಡುಗಿನಂಥ ಸದ್ದು ಬಂತು. ಕೈ ಕೆಳಗಿನ ಮೇಜೂ ನಡುಗಿತು, ಮುಳ್ಳು ಜಾರಿ ನಡುವಿಗೆ ಹೋಯಿತು. ಎದುರು ಮನೆಯ ಹೆಂಗಸು ಬಾಗಿಲು ತೆಗೆದು ಬೀದಿಗೆ ಬಂದು ಗಣಿಯ ದಿಕ್ಕಿಗೆ ನೋಡುತ್ತ ನಿಂತಳು. ಅವಳ ಗಂಡ ಆ ಪಾಳಿಯಲ್ಲಿ ಕೆಳಗಿದ್ದ. ಅವನು ಬೆಳಿಗ್ಗೆ ಮನೆಗೆ ಬಂದ. ಆದರೆ ಆ ರಾತ್ರಿ ಮತ್ತೆ ಪ್ಲೇಟು ಹಾಕುವ ಮನಸ್ಸು ನನಗೆ ಬರಲಿಲ್ಲ.

ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮಿತ್ರರೊಬ್ಬರಿಗೆ ಇದನ್ನು ಹೇಳಿದೆ. ಅವರು, “ನಿಮ್ಮ ಮನೆಯಲ್ಲಿರೋದು ಗ್ರಾಮಫೋನಲ್ಲ ಸಾರ್, ಭೂಕಂಪಮಾಪಕ” ಎಂದರು. ತಮಾಷೆಯಾದರೂ ಮಾತು ನಿಜ. ಭೂಕಂಪಮಾಪಕದಲ್ಲಿ ಒಂದು ಭಾರವನ್ನು ಸ್ಪ್ರಿಂಗಿನಿಂದ ತೂಗುಹಾಕಿರುತ್ತಾರೆ. ನೆಲದೊಡನೆ ಚೌಕಟ್ಟು ನಡುಗುತ್ತದೆ. ಭಾರ ತನ್ನ ಜಡತ್ವದಿಂದ ಇದ್ದಲ್ಲೇ ನಿಲ್ಲುತ್ತದೆ. ಇವೆರಡರ ನಡುವಣ ಅಂತರವೇ ಕಂಪನದ ಬರೆಹ. ಗ್ರಾಮಫೋನಿನ ತೋಳೇ ಆ ಭಾರ, ಮುಳ್ಳನ್ನು ಹಿಡಿದ ಸಣ್ಣ ಕಡ್ಡಿಯ ಬಳುಕೇ ಆ ಸ್ಪ್ರಿಂಗು. ಅದೇ ಗಣಿಯಲ್ಲಿ, ಸುಮಾರು 2300 ಮೀಟರ್ ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಹಿಡಿದಿದ್ದರು. ಮೇಲಿನಿಂದ ಸುರಿಯುವ ಇತರ ಕಣಗಳ ಗದ್ದಲವನ್ನು ಬಂಡೆಯ ಹೊದಿಕೆಯಿಂದ ತಡೆಯಲೆಂದೇ ಅಷ್ಟು ಕೆಳಗಿಳಿದಿದ್ದರು. ಅವರಿಗೆ ಬೇಕಾಗಿದ್ದದ್ದೂ ಒಂದು ಬಗೆಯ ಮೌನವೇ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ಆಳಗಳಲ್ಲಿ ಈಗ ನೀರು ನಿಂತಿದೆ.

ನಿವೃತ್ತನಾಗಿ ಕೋಲಾರಕ್ಕೆ ಮರಳಿದ ಮೇಲೆ ಅಟ್ಟದಿಂದ ಪ್ಲೇಟುಗಳನ್ನು ಇಳಿಸಿ, ಬೆಲ್ಟಿನಿಂದ ತಿರುಗುವ ಒಂದು ಹೊಸ ಪ್ಲೇಯರನ್ನೂ ಎರಡು ಸ್ಪೀಕರುಗಳನ್ನೂ ಕೊಂಡೆ. ಮನೆಯ ಹಿಂದೆ ರಾಗಿ ಬೀಸುವ ಹಿಟ್ಟಿನ ಮಿಷನ್ನು. ಸ್ವಲ್ಪ ದೂರದಲ್ಲಿ ಮದ್ರಾಸಿನ ಹೆದ್ದಾರಿ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, ತಂಬೂರಿಯ ಕೆಳಗೆ ಇನ್ನೊಂದು ತಂಬೂರಿ ‘ಹೂಂ’ ಎನ್ನುತ್ತಿತ್ತು. ಎಲ್ಲಿಂದ ಬಂತು ಈ ‘ಹೂಂ’? ಅದನ್ನು ಕಂಡುಹಿಡಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ.

ಮೋಟರನ್ನು ನಿಲ್ಲಿಸಿ. ನಿಂತ ಪ್ಲೇಟಿನ ಮೇಲೆ, ಹಾಡಿಲ್ಲದ ಕೊನೆಯ ಸುತ್ತಿನಲ್ಲಿ, ಮುಳ್ಳನ್ನು ಮೆಲ್ಲಗೆ ಇಳಿಸಿ. ವಾಲ್ಯೂಮನ್ನು ನೀವು ಎಂದಿನಂತೆ ಕೇಳುವ ಮಟ್ಟಕ್ಕೆ ನಿಧಾನವಾಗಿ ತನ್ನಿ. ಈಗ ಸ್ಪೀಕರಿನಿಂದ ಏನೂ ಕೇಳಿಸಬಾರದು. ಮೇಜನ್ನು ಬೆರಳ ಗಿಣ್ಣಿನಿಂದ ತಟ್ಟಿ. ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ತಟ್ಟಿದ್ದು ಸ್ಪೀಕರಿನಲ್ಲಿ ‘ಢಂ’ ಎಂದು ದೊಡ್ಡದಾಗಿ ಕೇಳಿಸಿದರೆ ಅದುರು ಮೇಜಿನ ದಾರಿಯಿಂದ ಬರುತ್ತಿದೆ. ಯಾರೂ ಮುಟ್ಟದಿದ್ದರೂ ‘ಹೂಂ’ ಹುಟ್ಟಿ ಬೆಳೆಯತೊಡಗಿದರೆ ಕೂಡಲೇ ವಾಲ್ಯೂಮ್ ಇಳಿಸಿ, ಇಲ್ಲದಿದ್ದರೆ ಸ್ಪೀಕರು ಹಾಳಾದೀತು. ಅದು ಸ್ಪೀಕರೇ ಮಾಡುತ್ತಿರುವ ಕಿತಾಪತಿ. ಸ್ಪೀಕರಿನ ಸದ್ದು ಪ್ಲೇಟನ್ನು ನಡುಗಿಸುತ್ತದೆ, ನಡುಕ ಮುಳ್ಳಿನಿಂದ ಆಂಪ್ಲಿಫೈಯರಿಗೆ ಹೋಗಿ ಮತ್ತಷ್ಟು ದೊಡ್ಡದಾಗಿ ಸ್ಪೀಕರಿನಿಂದಲೇ ಹೊರಬರುತ್ತದೆ. ಮದುವೆಯ ಛತ್ರದಲ್ಲಿ ಮೈಕು ‘ಕುಂಯ್’ ಎಂದು ಕಿರಿಚುವುದೂ ಇದೇ ಬಗೆ. ಇನ್ನು ನಿಂತ ಪ್ಲೇಟಿನಲ್ಲಿ ಮೌನವಿದ್ದು, ಮೋಟರು ತಿರುಗಿದಾಗ ಮಾತ್ರ ಹಾಡಿಲ್ಲದ ಗೆರೆಯಲ್ಲಿ ಗುರುಗುಟ್ಟು ಕೇಳಿಸಿದರೆ ಕಳ್ಳ ಪ್ಲೇಯರಿನೊಳಗೇ ಇದ್ದಾನೆ.

ನನ್ನ ಪರೀಕ್ಷೆಯಲ್ಲಿ ಮೊದಲನೆಯ ಎರಡೂ ಇದ್ದವು. ಸ್ಪೀಕರುಗಳನ್ನು ಪ್ಲೇಯರು ಇದ್ದ ಮೇಜಿನಿಂದ ಇಳಿಸಿ ಬೇರೆ ಸ್ಟೂಲುಗಳ ಮೇಲಿಟ್ಟೆ. ಪ್ಲೇಯರನ್ನು ಕೋಣೆಯ ಮೂಲೆಯಿಂದ ಈಚೆಗೆ ತಂದೆ, ಏಕೆಂದರೆ ಮಂದ್ರಧ್ವನಿ ಮೂಲೆಗಳಲ್ಲಿ ಗುಡ್ಡೆ ಬೀಳುತ್ತದೆ. ಅರ್ಧ ‘ಹೂಂ’ ಅಷ್ಟರಿಂದಲೇ ಅಡಗಿತು. ಹಾಡುವಾಗ ಗಾಜಿನಂಥ ಮುಚ್ಚಳವನ್ನು ತೆಗೆದಿಡುವುದು ಒಳ್ಳೆಯದೋ ಮುಚ್ಚುವುದೋ ಎಂಬ ಚರ್ಚೆಯಿದೆ. ಧೂಳನ್ನು ಲೆಕ್ಕಿಸದಿದ್ದರೆ ತೆಗೆದಿಡುವುದೇ ನನಗೆ ಮೇಲೆನಿಸಿತು, ಗಾಳಿಯ ಕಂಪನಕ್ಕೆ ಅಷ್ಟಗಲದ ಹಾಳೆ ಒಂದು ಡೋಲಿನ ಚರ್ಮವೇ ತಾನೇ.

ಉಳಿದದ್ದು ನೆಲದ ಪಾಲು. ಭಾರವಾದದ್ದು ಅಲುಗದು ಎಂಬ ಲೋಕಾಭಿಪ್ರಾಯವನ್ನು ನಂಬಿ ನಾನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದೆ. ತಲೆತಲಾಂತರದಿಂದ ವಿಗ್ರಹ ಕೆತ್ತುವವರ ಊರು ಅದು. ವಯಸ್ಸಾದ ಶಿಲ್ಪಿಯೊಬ್ಬರ ಮುಂದೆ ನನ್ನ ಅಗತ್ಯವನ್ನು ಹೇಳಿ, ನುಣುಪಾದ ಕಲ್ಲೊಂದನ್ನು ತೋರಿಸಿದೆ. ಅವರು ಸುತ್ತಿಗೆಯ ತುದಿಯಿಂದ ಅದನ್ನು ಮೆಲ್ಲಗೆ ಬಡಿದರು. ಕಲ್ಲು ಗಂಟೆಯಂತೆ ಮಿಡಿಯಿತು. “ಇದು ಗಂಡು ಕಲ್ಲು ಮೇಷ್ಟ್ರೇ, ಮಾತಾಡ್ತದೆ. ವಿಗ್ರಹಕ್ಕೆ ಇದು ಬೇಕು. ನಿಮ್ಮ ಪೆಟ್ಟಿಗೆ ಕೆಳಗೆ ಇಡೋಕೆ ಮಾತಾಡದ ಕಲ್ಲೇ ಮೇಲು” ಎಂದರು. ಧ್ವನಿಯಿಂದ ಕಲ್ಲನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುವುದು ಶಿಲ್ಪಶಾಸ್ತ್ರದ ಹಳೆಯ ಪದ್ಧತಿ. ತಾನೇ ಮಿಡಿಯುವ ಕಲ್ಲು ಪ್ಲೇಯರಿನ ಕೆಳಗಿದ್ದರೆ ತನ್ನ ಮಿಡಿತವನ್ನೂ ಹಾಡಿಗೆ ಸೇರಿಸುತ್ತದೆ ಎಂಬುದನ್ನು ಅವರು, ಪ್ಲೇಯರನ್ನೇ ನೋಡದೆ, ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಬಡಿದರೆ ‘ಟಪ್’ ಎಂದು ಸುಮ್ಮನಾಗುವ ಕಲ್ಲೊಂದನ್ನು ಆರಿಸಿ, ನಲವತ್ತು ಸೆಂಟಿಮೀಟರ್ ಚೌಕ, ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿಸಿಕೊಟ್ಟರು. ತೂಕ ಹದಿನೇಳು ಕಿಲೋ.

ಮನೆಗೆ ತಂದು ಗಟ್ಟಿಯಾದ ಮೇಜಿನ ಮೇಲಿಟ್ಟು, ಅದರ ಮೇಲೆ ಪ್ಲೇಯರನ್ನು ಕೂರಿಸಿ ಪರೀಕ್ಷಿಸಿದೆ. ಬೆರಳಿನಿಂದ ತಟ್ಟಿದ ಸದ್ದು ಬಹಳ ತಗ್ಗಿತ್ತು. ಆದರೆ ಹಿಟ್ಟಿನ ಮಿಷನ್ನು ಶುರುವಾದೊಡನೆ ‘ಹೂಂ’ ಮೊದಲಿನಂತೆಯೇ ಬಂತು. ಹದಿನೇಳು ಕಿಲೋ ಕಲ್ಲು ಏನೂ ಮಾಡಲಿಲ್ಲ! ಹಳೆಯ ಭೌತಶಾಸ್ತ್ರದ ಮಿತ್ರರಿಗೆ ಫೋನು ಮಾಡಿದೆ. “ಕಲ್ಲನ್ನು ನೆಲದ ಮೇಲೆ ಇಟ್ಟರೆ ಅದು ನೆಲವೇ ಆಗಿಬಿಡುತ್ತೆ ಸಾರ್. ಭಾರದ ಕೆಳಗೆ ಮೆತ್ತಗಿರೋದು ಒಂದು ಬೇಕು” ಎಂದರು. ಆಮೇಲೆ ಒಂದು ಆಟ ಹೇಳಿಕೊಟ್ಟರು. ಅದನ್ನು ನೀವೂ ಆಡಿ ನೋಡಬಹುದು.

ಹಳೆಯ ಸೈಕಲ್ ಟ್ಯೂಬಿನಿಂದ ಸಣ್ಣಗೆ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ಅದರ ತುದಿಗೆ ಒಂದು ಬೀಗವನ್ನು ಕಟ್ಟಿ ಕೈಯಲ್ಲಿ ಇಳಿಬಿಡಿ. ಕೈಯನ್ನು ಬಹಳ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಬೀಗ ಕೈಯ ಜತೆಗೇ ಏರಿಳಿಯುತ್ತದೆ. ಸ್ವಲ್ಪ ವೇಗ ಹೆಚ್ಚಿಸಿ. ಒಂದು ಹದದಲ್ಲಿ ಬೀಗ ಹುಚ್ಚೆದ್ದು ಕುಣಿಯುತ್ತದೆ, ಕೈ ಒಂದಂಗುಲ ಆಡಿದರೆ ಅದು ನಾಲ್ಕಂಗುಲ ಆಡುತ್ತದೆ. ಅದು ಆ ಬೀಗ ಮತ್ತು ಪಟ್ಟಿಯ ಸಹಜ ಕಂಪನದ ವೇಗ. ಇನ್ನೂ ವೇಗವಾಗಿ, ಕೈಯನ್ನು ಗಡಗಡನೆ ನಡುಗಿಸಿದರೆ ಬೀಗ ಹೆಚ್ಚುಕಡಿಮೆ ನಿಂತಲ್ಲೇ ನಿಂತುಬಿಡುತ್ತದೆ. ನಡುಗುವ ಕೈ ನೆಲ, ನಿಶ್ಚಲವಾದ ಬೀಗ ನಿಮ್ಮ ಪ್ಲೇಯರು. ಅದುರು ತಡೆಯುವ ವಿದ್ಯೆಯೆಲ್ಲ ಈ ಮೂರನೆಯ ಸ್ಥಿತಿಯಲ್ಲಿದೆ: ಭಾರವೂ ಮೆತ್ತೆಯೂ ಸೇರಿ ಉಂಟಾಗುವ ಸಹಜ ಕಂಪನ, ತಡೆಯಬೇಕಾದ ಅದುರಿಗಿಂತ ಬಹಳ ನಿಧಾನವಾಗಿರಬೇಕು. ಲೆಕ್ಕ ಬಲ್ಲವರಿಗೆ ಹೇಳುವುದಾದರೆ, ಸಹಜ ಕಂಪನ ಸೆಕೆಂಡಿಗೆ 4 ಇದ್ದು ನೆಲದ ಅದುರು 20 ಇದ್ದರೆ, ಆದರ್ಶ ಸ್ಥಿತಿಯಲ್ಲಿ ಮೇಲೆ ತಲುಪುವುದು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಅದುರು 40 ಇದ್ದರೆ ನೂರರಲ್ಲಿ ಒಂದು. ಸ್ಪ್ರಿಂಗನ್ನು ಬಳಸುವವರು ಅದರ ಗುಣವನ್ನು ಅಡಿಕೋಲಿನಿಂದಲೇ ಅಳೆಯಬಹುದು. ಭಾರ ಹೊತ್ತಾಗ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗಿನ ಸಹಜ ಕಂಪನ ಸೆಕೆಂಡಿಗೆ ಸುಮಾರು 5. ಎರಡೂವರೆ ಸೆಂಟಿಮೀಟರ್ ಕುಗ್ಗಿದರೆ ಸುಮಾರು 3. ಅಂಗಡಿಯಲ್ಲಿ ಮಾರುವ ಗಟ್ಟಿ ರಬ್ಬರಿನ ಬಿಲ್ಲೆಗಳು ಪ್ಲೇಯರಿನ ಭಾರಕ್ಕೆ ಒಂದು ಮಿಲಿಮೀಟರೂ ಕುಗ್ಗುವುದಿಲ್ಲ. ಅವು ಬೆರಳಿನ ತಟ್ಟನ್ನು ತಗ್ಗಿಸಬಲ್ಲವೇ ಹೊರತು ಹಿಟ್ಟಿನ ಮಿಷನ್ನನ್ನಲ್ಲ.

ಮೆತ್ತೆಯಾಗಿ ನಾನು ಆರಿಸಿಕೊಂಡದ್ದು ಸೈಕಲಿನ ಟ್ಯೂಬನ್ನೇ. ಮಕ್ಕಳ ಸೈಕಲಿನ ಸಣ್ಣ ಟ್ಯೂಬಿಗೆ ಅರ್ಧದಷ್ಟು ಗಾಳಿ ತುಂಬಿ ಮೇಜಿನ ಮೇಲೆ ಸುತ್ತಾಗಿ ಮಲಗಿಸಿ, ಅದರ ಮೇಲೆ ಕಲ್ಲನ್ನೂ, ಕಲ್ಲಿನ ಮೇಲೆ ಕುರುಬರ ಕಂಬಳಿಯ ಒಂದು ತುಂಡನ್ನೂ ಹಾಸಿ, ಪ್ಲೇಯರನ್ನಿಟ್ಟೆ. ಕಲ್ಲು ಈಗ ಬೀಗದ ಕೆಲಸಕ್ಕೆ ಬಂತು. ಭಾರ ಹೆಚ್ಚಿದಷ್ಟೂ ಕಂಪನ ನಿಧಾನ. ಮೊಬೈಲ್ ಫೋನಿನಲ್ಲಿ ಅದುರು ಅಳೆಯುವ ಸೌಲಭ್ಯ ಇರುವುದನ್ನು ಮೊಮ್ಮಗಳು ತೋರಿಸಿದಳು. ಅದನ್ನು ಕಲ್ಲಿನ ಮೇಲಿಟ್ಟು ಕಲ್ಲನ್ನು ಒತ್ತಿ ಬಿಟ್ಟಾಗ ಸೆಕೆಂಡಿಗೆ ನಾಲ್ಕರ ಹತ್ತಿರ ಬಂತು. ಹಿಟ್ಟಿನ ಮಿಷನ್ನಿನ ಸದ್ದು ಈಗ ಕಿಟಕಿಯಿಂದ ಮಾತ್ರ ಬರುತ್ತದೆ, ಸ್ಪೀಕರಿನಿಂದಲ್ಲ.

ಈ ಉಪಾಯ ನನ್ನದೆಂದು ಹೇಳಿಕೊಳ್ಳುವಂತಿಲ್ಲ. 1961ರಲ್ಲಿಯೇ ಅಮೆರಿಕದ ಎಡ್ಗರ್ ವಿಲ್ಚರ್ ಎಂಬುವರು ಅಕೌಸ್ಟಿಕ್ ರಿಸರ್ಚ್ ಕಂಪನಿಗಾಗಿ ರೂಪಿಸಿದ ಪ್ಲೇಯರಿನಲ್ಲಿ ಇದು ಇನ್ನೂ ಜಾಣತನದಿಂದ ಅಡಗಿತ್ತು. ಅವರು ತಿರುಗುವ ತಟ್ಟೆಯನ್ನೂ ತೋಳನ್ನೂ ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಮೂರು ಸ್ಪ್ರಿಂಗುಗಳಿಂದ ತೂಗುಬಿಟ್ಟರು. ಮೋಟರನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ರಬ್ಬರಿನ ಬೆಲ್ಟೊಂದರಿಂದ ಮಾತ್ರ ನಂಟು ಕೊಟ್ಟರು. ತಟ್ಟೆಯೂ ತೋಳೂ ಒಟ್ಟಿಗೆ ತೂಗಿದರೆ ಅವುಗಳ ನಡುವೆ ಅಂತರ ಬದಲಾಗದು. ಅಂತರ ಬದಲಾಗದಿದ್ದರೆ ಮುಳ್ಳಿಗೆ ಏನೂ ತಿಳಿಯದು. ಹಾಡುತ್ತಿರುವ ಪ್ಲೇಯರಿನ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಬಡಿದು ತೋರಿಸುತ್ತಿದ್ದರಂತೆ, ಹಾಡು ನಿಲ್ಲುತ್ತಿರಲಿಲ್ಲ. ಇಂಥ ಪ್ಲೇಯರು ನಿಮ್ಮಲ್ಲಿದ್ದರೆ ಟ್ಯೂಬು ಕಲ್ಲುಗಳ ಗೋಜಿಗೆ ಹೋಗಬೇಡಿ; ಸ್ಪ್ರಿಂಗಿನ ಮೇಲೆ ಸ್ಪ್ರಿಂಗು ಸೇರಿ ಹೊಸ ಕುಣಿತ ಹುಟ್ಟೀತು.

ಟ್ಯೂಬು ಸರ್ವರೋಗಕ್ಕೂ ಮದ್ದಲ್ಲ. ನಮ್ಮ ನಡಿಗೆ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. ಮರದ ತೊಲೆಯ ಮಹಡಿ ಇದಕ್ಕೆ ನಿಧಾನವಾಗಿ ತೊನೆಯುತ್ತದೆ. ಇದು ಟ್ಯೂಬಿನ ಸಹಜ ಕಂಪನಕ್ಕೆ ತೀರ ಹತ್ತಿರ, ಅಂದರೆ ಬೀಗ ಹುಚ್ಚೆದ್ದು ಕುಣಿಯುವ ಎರಡನೆಯ ಸ್ಥಿತಿ. ನಮ್ಮ ದೊಡ್ಡಪೇಟೆಯ ಮಹಡಿಯಲ್ಲಿ ಟ್ಯೂಬಿಟ್ಟಿದ್ದರೆ ಮುಳ್ಳು ಇನ್ನೂ ಹೆಚ್ಚು ಜಿಗಿಯುತ್ತಿತ್ತು. ಅಂಥ ಮನೆಗಳಲ್ಲಿ ಪ್ಲೇಯರನ್ನು ನೆಲದಿಂದಲೇ ಬಿಡಿಸಿ ಗೋಡೆಗೆ ಒಪ್ಪಿಸಬೇಕು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆಗಳಿವೆ, ಗೋಡೆಯಲ್ಲಿ ಗೂಡುಗಳಿವೆ. ಅಂಥ ಗೋಡೆಗೆ ಕಬ್ಬಿಣದ ಬ್ರ್ಯಾಕೆಟ್ಟು ಬಿಗಿದು ಹಲಗೆ ಕೂರಿಸಿದರೆ ಮಕ್ಕಳು ಎಷ್ಟು ಕುಣಿದರೂ ಮುಳ್ಳಿಗೆ ಸುದ್ದಿ ಮುಟ್ಟದು. ಗೂಡು ಅಗಲವಾಗಿದ್ದರೆ ಬ್ರ್ಯಾಕೆಟ್ಟೂ ಬೇಡ. ಹನ್ನೆರಡು ವರ್ಷದ ನನಗೆ ಇದನ್ನು ಯಾರೂ ಹೇಳಲಿಲ್ಲ. ಕೆಳಗಿನ ನಡುಮನೆಯ ಗೋಡೆಯಲ್ಲಿ, ದೀಪ ಇಡುತ್ತಿದ್ದ ಗೂಡಿನ ಪಕ್ಕದಲ್ಲಿಯೇ, ಅಂಥದೊಂದು ಗೂಡು ಖಾಲಿಯಿತ್ತು. ಹೊಸ ಕಟ್ಟಡಗಳ ನಾಲ್ಕಂಗುಲದ ತಡಿಕೆ ಗೋಡೆಗಳನ್ನು ಮಾತ್ರ ನಂಬಬೇಡಿ, ಅವು ತಾವೇ ಡೋಲು. ಅಲ್ಲಿ ಕಾಂಕ್ರೀಟಿನ ನೆಲವೇ ವಾಸಿ.

ಪ್ಲೇಯರಿನೊಳಗಿನ ಕಳ್ಳನ ವಿಚಾರ ಸ್ವಲ್ಪ ಹೇಳುತ್ತೇನೆ. ಹಳೆಯ ಪ್ಲೇಯರುಗಳಲ್ಲಿ ಮೋಟರಿನ ಕಡ್ಡಿಗೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರಿನ ಗಾಲಿಯೊಂದು ಒತ್ತಿಕೊಂಡು ತಿರುಗುತ್ತದೆ. ಆ ಮೋಟರು ನಿಮಿಷಕ್ಕೆ ಹೆಚ್ಚುಕಡಿಮೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುವುದರಿಂದ, ಅದರ ನಡುಕ ಗಾಲಿಯ ಮೂಲಕ ನೇರವಾಗಿ ತಟ್ಟೆಗೆ ಬರುತ್ತದೆ. ಬೆಲ್ಟಿನ ಪ್ಲೇಯರುಗಳಲ್ಲಿ ಮೋಟರು ನಿಧಾನ, ಬೆಲ್ಟು ಮೆತ್ತಗೆ. ಆದ್ದರಿಂದ ಗುರುಗುಟ್ಟು ಕಡಿಮೆ. ಗಾಲಿಯ ಪ್ಲೇಯರು ಇಟ್ಟುಕೊಂಡವರು ಒಂದು ಎಚ್ಚರ ವಹಿಸಬೇಕು. ನಮ್ಮಲ್ಲಿ ಹಾಡಿನ ನಡುವೆ ಕರೆಂಟು ಹೋಗುವುದು ಹೊಸದಲ್ಲ. ಹೋದಾಗ ‘ಬರಲಿ, ತಾನಾಗಿ ತಿರುಗುತ್ತದೆ’ ಎಂದು ಬಿಟ್ಟು ಮಲಗಿದರೆ ಮೋಟರಿನ ಕಡ್ಡಿ ಇಡೀ ರಾತ್ರಿ ಗಾಲಿಯ ಒಂದೇ ಜಾಗವನ್ನು ಒತ್ತಿ ಅಲ್ಲಿ ಕುಳಿ ಬೀಳುತ್ತದೆ. ಮರುದಿನದಿಂದ ಪ್ರತಿ ಸುತ್ತಿಗೂ ‘ಡುಬ್, ಡುಬ್’. ಕರೆಂಟು ಹೋದ ಕೂಡಲೇ ಗುಂಡಿಯನ್ನು ತಿರುಗಿಸಿ ಗಾಲಿಯನ್ನು ಬಿಡಿಸಬೇಕು. ಮೋಟರನ್ನು ಹಿಡಿದ ರಬ್ಬರಿನ ಬಿಲ್ಲೆಗಳು ಇಪ್ಪತ್ತು ವರ್ಷಕ್ಕೆ ಕಲ್ಲಾಗುತ್ತವೆ, ಅವನ್ನು ಬದಲಿಸಬೇಕು. ತಟ್ಟೆಯ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು.

ತೋಳಿಗೂ ಅದರದೇ ಸಹಜ ಕಂಪನವಿದೆ. ತೋಳಿನ ಭಾರವೂ ಮುಳ್ಳಿನ ಬಳುಕೂ ಹೊಂದಿ ಅದು ಸೆಕೆಂಡಿಗೆ 8ರಿಂದ 12ರ ಒಳಗೆ ಬರುವುದು ಹಿತ. ಅದಕ್ಕಿಂತ ಕೆಳಗೆ ಸೊಟ್ಟಗಾದ ಪ್ಲೇಟುಗಳ ಏರಿಳಿತವಿದೆ, 20ರಿಂದ ಮೇಲೆ ಸಂಗೀತವಿದೆ. ಭಾರದ ತೋಳಿಗೆ ಬಹಳ ಬಳುಕುವ ಕಾರ್ಟ್ರಿಜು ಹಾಕಿದವರು ಮುಳ್ಳು ಕುಣಿಯುವುದಕ್ಕೆ ನೆಲವನ್ನು ದೂರಬಾರದು. ಮತ್ತು ಎಲ್ಲಕ್ಕೂ ಮೊದಲು ಗಾರೆ ಕೆಲಸದವರ ರಸಮಟ್ಟವೊಂದನ್ನು ತಟ್ಟೆಯ ಮೇಲಿಟ್ಟು ಎರಡು ದಿಕ್ಕಿಗೂ ನೋಡಿ. ಒಂದು ಕಡೆಗೆ ವಾಲಿದ ಪ್ಲೇಯರಿನಲ್ಲಿ ಮುಳ್ಳು ಗೆರೆಯ ಒಂದೇ ದಂಡೆಯ ಮೇಲೆ ಭಾರ ಹಾಕಿ ನಡೆಯುತ್ತದೆ, ಸಣ್ಣ ಅದುರಿಗೂ ಜಾರುತ್ತದೆ.

ಎಲ್ಲ ಸರಿಮಾಡಿದ ಮೇಲೆ ಒಂದು ಬೆಳಿಗ್ಗೆ ಅಮ್ಮನ ಸುಪ್ರಭಾತವನ್ನು ಹಾಕಿದೆ. ಐವತ್ತು ವರ್ಷ ಹಿಂದೆ ಆ ಸೂಟ್‌ಕೇಸಿನ ಪೆಟ್ಟಿಗೆಯಲ್ಲಿ ಕೇಳದಿದ್ದ ತಂಬೂರಿ, ಹಾಡುವವರು ಉಸಿರು ತೆಗೆದುಕೊಳ್ಳುವ ಸದ್ದು, ಎಲ್ಲ ಆ ಗೆರೆಯಲ್ಲಿ ಇದ್ದವು. ನಾನು ಸೀಳಿದ ಜಾಗ ಬಂತು. ‘ಟಕ್, ಟಕ್’ ಎಂದಿತು. ಮೊದಲಿಗಿಂತ ಸ್ಪಷ್ಟವಾಗಿಯೇ ಎಂದಿತು. ಅಡಿಗೆಮನೆಯಿಂದ ಬಂದ ಮೊಮ್ಮಗಳು, “ತಾತ, ಟ್ಯೂಬಲ್ಲಿ ಗಾಳಿ ಕಡಿಮೆಯಾಗಿದೆಯಾ?” ಎಂದು ಕೇಳಿದಳು. ಇಲ್ಲ, ಅದು ಬೇರೆ ಎಂದೆ. ಆದರೂ ಅವಳು ಪಂಪು ತಂದು ನಾಲ್ಕು ಸಲ ಒತ್ತಿದಳು. ಟ್ಯೂಬಿನ ಗಾಳಿ ಮೂರು ವಾರಕ್ಕೊಮ್ಮೆ ಇಳಿಯುವುದೂ ನಿಜವೇ. ತುಂಬಿದ ಮೇಲೆ ರಸಮಟ್ಟವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.